ಕತ್ತಲರಾಯನ ಬಾಯಿ ಮುಚ್ಚಿಸುತ್ತಿದ್ದ ಕೊಪ್ಪದವರು

2023ರ ಕೊನೆಯ ತಿಂಗಳುಗಳು. ಕನ್ನಡದಲ್ಲಿ ಆಡಿಯೋ ಧಾರಾವಾಹಿಗಳನ್ನು ಮಾಡುವ ಒಂದು ಆ್ಯಪ್ ಕಂಪನಿಯಲ್ಲಿ ನಾನು ಆಡಿಯೆನ್ಸ್ ಅನಲಿಸ್ಟ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ಕೇಳುಗರು ಯಾವ ಕಂತನ್ನು ಎಲ್ಲಿಯವರೆಗೆ ಕೇಳಿದರು, ಎಲ್ಲಿ ನಿಲ್ಲಿಸಿದರು, ಮತ್ತೆ ಬಂದರೋ ಇಲ್ಲವೋ ಎಂಬುದನ್ನು ನೋಡಿ, ಯಾಕೆ ಎಂದು ಹೇಳುವುದು. ನೋಡುವುದು ಕಂಪ್ಯೂಟರ್ ಮಾಡುವ ಕೆಲಸ. ಯಾಕೆ ಎಂದು ಹೇಳುವುದಕ್ಕೆ ಮಾತ್ರ ನನಗೆ ಸಂಬಳ.

ಈ ಯಾಕೆಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡರಲ್ಲೂ ಬಹುಮಾನ ತಂದವರಿಗೆ ಒಂದು ಸತ್ಯ ಬೇಗ ತಿಳಿಯುತ್ತದೆ: ಆಗಿಹೋದುದಕ್ಕೆ ಕಾರಣ ಹುಡುಕುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಧಾರಾವಾಹಿ ಗೆದ್ದರೆ ನಮ್ಮ ಆಫೀಸಿನಲ್ಲಿ ಹತ್ತು ಜನಕ್ಕೆ ಕಾರಣ ಗೊತ್ತಿರುತ್ತಿತ್ತು. ಗೆಲ್ಲುವ ಹಿಂದಿನ ದಿನ ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ.

ಆಗ ಸುದ್ದಿಯಲ್ಲಿದ್ದದ್ದು 'ಮರೆವೂರು' ಎಂಬ ಧಾರಾವಾಹಿ. ಜನರ ನೆನಪುಗಳನ್ನು ಹಣ ಕೊಟ್ಟು ಕೊಳ್ಳುವ ಒಂದು ಊರು. ಕೊಳ್ಳುವವನು ಕತ್ತಲರಾಯ. ಅವನ ವಿರುದ್ಧ ನಿಲ್ಲುವವಳು ತಾರಿಣಿ, ನೆನಪು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಇದನ್ನು ಬರೆಯುತ್ತಿದ್ದವಳು ಪೂರ್ಣಿಮಾ. ಕಾಲೇಜಿನ ಉಪನ್ಯಾಸಕಿ ಕೆಲಸ ಬಿಟ್ಟು, ಸೀಸನ್ನಿಗೆ ಒಂದರಂತೆ ಕಾಂಟ್ರಾಕ್ಟ್ ಮಾಡಿಕೊಂಡು ಬರೆಯಲು ಕೂತಿದ್ದಳು. ಕತ್ತಲರಾಯನಿಗೆ ಅವಳು ಉದ್ದುದ್ದ ಮಾತು ಕೊಟ್ಟಿದ್ದಳು. ಅವನು ಚಾಕು ತೋರಿಸುವ ಖಳನಲ್ಲ, ನ್ಯಾಯ ಕೇಳುವ ಖಳ. "ನಾನು ಯಾರನ್ನಾದರೂ ಬಲವಂತ ಮಾಡಿದೆನೇ? ನಿಮಗೆ ಬೇಡವಾದ ದಿನಗಳನ್ನು ನೀವೇ ತಂದು ಮಾರಿದಿರಿ" ಎನ್ನುವವನು.

ತೊಂದರೆ ಬಂದದ್ದು ಈ ಮಾತುಗಳಿಂದಲೇ. ಕೇಳುಗರು ಕಂತನ್ನು ಅರ್ಧಕ್ಕೆ ನಿಲ್ಲಿಸಿ ಕೆಲವು ನಿಮಿಷಗಳವರೆಗೆ ಮತ್ತೆ ಒತ್ತದಿದ್ದರೆ ನಮ್ಮ ಆ್ಯಪ್ ಅವರನ್ನು 'ಡ್ರಾಪ್-ಆಫ್' ಲೆಕ್ಕಕ್ಕೆ ಸೇರಿಸುತ್ತಿತ್ತು. ಎಂದರೆ ಬಿಟ್ಟು ಎದ್ದುಹೋದವರು. ಕತ್ತಲರಾಯನ ಪ್ರತಿಯೊಂದು ದೀರ್ಘ ಮಾತಿನ ಕೊನೆಗೂ ಡ್ರಾಪ್-ಆಫ್ ಏರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಏರಿದ್ದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ. ವಿಚಿತ್ರವೆಂದರೆ ಧಾರಾವಾಹಿಯ ಅತಿ ಹುಚ್ಚು ಅಭಿಮಾನಿಗಳು ಇದ್ದದ್ದೂ ಅಲ್ಲಿಯೇ. ಮರೆವೂರಿನ ನಕ್ಷೆ ಬರೆದು ಹಂಚಿದವರು, ಯಾವ ಕಂತಿನ ಘಟನೆ ಯಾವುದರ ಹಿಂದೆ ನಡೆಯಿತೆಂದು ಜಗಳವಾಡುವವರು ಎಲ್ಲ ಆ ಕಡೆಯವರು.

ಕಂಟೆಂಟ್ ಹೆಡ್ ಅರವಿಂದ್ ಮೀಟಿಂಗಿನಲ್ಲಿ ಹೇಳಿದರು: "ಇಷ್ಟು ಪ್ರೀತಿ ಇರೋರೇ ಎದ್ದು ಹೋಗ್ತಿದ್ದಾರೆ ಅಂದ್ರೆ ಉಳಿದವರ ಗತಿ ಏನು? ಕತ್ತಲರಾಯನ್ನ ಈ ಸೀಸನ್ನಲ್ಲೇ ಮುಗಿಸೋಣ. ಒಂದು ಸ್ಫೋಟ ಇಡಿ."

ಕತ್ತಲರಾಯ ಸತ್ತರೆ ಕಥೆ ಮುಗಿದಂತೆ. ಕಥೆ ಮುಗಿದರೆ ಪೂರ್ಣಿಮಾಳ ಕಾಂಟ್ರಾಕ್ಟೂ ಮುಗಿದಂತೆ. ಅವಳು ಮೇಜಿನಾಚೆ ಕೂತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದಳು. ನಾನು ಕೈ ಎತ್ತಿದೆ.

"ನಿಲ್ಲಿಸಿದ್ದಾರೆ ಅನ್ನೋದಷ್ಟೇ ನಮಗೆ ಗೊತ್ತು ಸರ್. ಎದ್ದು ಹೋದ್ರು ಅನ್ನೋದು ನಮ್ಮ ಊಹೆ."

"ಮತ್ತೇನು, ನಿಲ್ಲಿಸಿ ಕೂತು ಧ್ಯಾನ ಮಾಡ್ತಾರಾ?"

"ಗೊತ್ತಿಲ್ಲ. ಅದಕ್ಕೇ ಹೋಗಿ ನೋಡ್ಬೇಕು ಅಂತಿದೀನಿ."

ರೆಕಾರ್ಡಿಂಗ್ ಆರಂಭವಾಗುವ ಮೊದಲು ವರದಿ ಬರಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಹೋಗುವ ಮೊದಲು ಸುಲಭದ ಉತ್ತರಗಳನ್ನು ಕಳಚಿಹಾಕಿದೆ. ಆಫೀಸಿನಲ್ಲಿ ಬಹುಪಾಲು ಜನ "ಮಲೆನಾಡಲ್ವಾ, ನೆಟ್‌ವರ್ಕ್ ಇರಲ್ಲ" ಎಂದಿದ್ದರು. ವಾದಕ್ಕಾಗಿ ಒಪ್ಪೋಣ. ಆದರೆ ನೆಟ್‌ವರ್ಕ್ ಹೋಗುವುದಾದರೆ ತಾರಿಣಿ ಮಾತಾಡುವಾಗಲೂ ಹೋಗಬೇಕು, ಜಾಹೀರಾತಿನ ನಡುವೆಯೂ ಹೋಗಬೇಕು. ಇದು ಕತ್ತಲರಾಯನ ಮಾತು ಮುಗಿಯುವುದನ್ನು ಕಾದು ಹೋಗುತ್ತಿತ್ತು. ಕಥೆಯಲ್ಲಿ ಖಳ ಯಾರೆಂದು ಟವರಿಗೆ ತಿಳಿಯಲು ಸಾಧ್ಯವಿಲ್ಲ.

ಕೊಪ್ಪದ ಅಭಿಮಾನಿ ಬಳಗವನ್ನು ನಡೆಸುತ್ತಿದ್ದವಳು ವಿನುತಾ, ಮೂವತ್ತರ ಆಸುಪಾಸಿನ ಫಾರ್ಮಸಿಸ್ಟ್. ಅವಳ ಮೆಡಿಕಲ್ ಶಾಪಿಗೆ ಭಾನುವಾರ ಮಧ್ಯಾಹ್ನ ರಜೆ. ಹಿಂದಿನ ಕೋಣೆಯಲ್ಲಿ ಔಷಧಿ ಬಂದ ಖಾಲಿ ರಟ್ಟಿನ ಪೆಟ್ಟಿಗೆಗಳ ಮಧ್ಯೆ ಚಾಪೆ ಹಾಸಿ ಹನ್ನೆರಡು ಹದಿಮೂರು ಜನ ಕೂತಿದ್ದರು. ಒಂದು ಪೆಟ್ಟಿಗೆಯನ್ನು ಕತ್ತರಿಸಿ, ಬೆಳ್ಳಿ ಬಣ್ಣ ಬಳಿದು ಕತ್ತಲರಾಯನ ಕಿರೀಟ ಮಾಡಿದ್ದರು. ಒಳಗಡೆ ಕೆಮ್ಮಿನ ಸಿರಪ್ಪಿನ ಹೆಸರು ಹಾಗೆಯೇ ಕಾಣುತ್ತಿತ್ತು. ನಡುವೆ ಒಂದು ಬ್ಲೂಟೂತ್ ಸ್ಪೀಕರ್, ಒಂದೇ ಒಂದು ಫೋನು.

ನಮ್ಮ ಲೆಕ್ಕದ ಮೊದಲ ತಪ್ಪು ಅಲ್ಲಿಯೇ ಕಾಣಿಸಿತು. ಆ್ಯಪ್ ಪ್ರಕಾರ ಆ ಕೋಣೆಯಲ್ಲಿದ್ದದ್ದು ಒಬ್ಬ ಕೇಳುಗ.

"ಕಂಪನಿಯವ್ರಾ? ಬನ್ನಿ ಮಾರಾಯ್ರೆ, ಕೂತ್ಕಳಿ. ಕತ್ತಲರಾಯನ್ನ ಕೊಲ್ತೀರಂತೆ ಹೌದಾ?" ಎಂದವನು ಗಣೇಶ. ಪಿಕಪ್ ಓಡಿಸುತ್ತಾನೆ, ಮರೆವೂರಿನ ನಕ್ಷೆ ಬರೆದವನೂ ಅವನೇ.

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಹೋದ ಎರಡು ಕಂತಲ್ಲಿ ಅವ ಒಳ್ಳೇವ್ನಾಗ್ತಾ ಬಂದ. ಧಾರಾವಾಹೀಲಿ ಕೆಟ್ಟವ ಒಳ್ಳೇವ್ನಾದ ಅಂದ್ರೆ ಆಯ್ತು, ಅವಂದು ಟಿಕೆಟ್ ಆಗಿದೆ ಅಂತ್ಲೇ ಲೆಕ್ಕ."

ಕಂತು ಆರಂಭವಾಯಿತು. ಕತ್ತಲರಾಯ ತನ್ನ ಮಾತಿಗೆ ತೊಡಗಿದ. ಯಾರೂ ಮಿಸುಕಾಡಲಿಲ್ಲ, ಎದ್ದು ಹೋಗಲಿಲ್ಲ. "ಈಗ ಹೇಳು ತಾರಿಣಿ, ಕಳ್ಳ ಯಾರು?" ಎಂದು ಅವನು ಮುಗಿಸಿದ್ದೇ ತಡ, ವಿನುತಾ ಬೆರಳು ಚಾಚಿ ಪಾಸ್ ಒತ್ತಿ ಕಂತನ್ನು ಅಲ್ಲಿಗೇ ನಿಲ್ಲಿಸಿದಳು. ಕೋಣೆಯಲ್ಲಿದ್ದವರೆಲ್ಲ ಮೂಲೆಯಲ್ಲಿದ್ದ ಒಬ್ಬರ ಕಡೆ ತಿರುಗಿದರು. ಅವರು ಗಂಟಲು ಸರಿಮಾಡಿಕೊಂಡು, ತಾರಿಣಿಯಾಗಿ, ಉತ್ತರ ಕೊಡತೊಡಗಿದರು. ಗಣೇಶ ಕತ್ತಲರಾಯನ ಪರ ಅಡ್ಡ ಹಾಕಿದ. ಹತ್ತು ನಿಮಿಷ ವಾದ ನಡೆಯಿತು. ಆಮೇಲೆ ವಿನುತಾ "ಸಾಕು, ಅವ್ರು ಎಂತ ಹೇಳ್ಸಿದಾರೆ ನೋಡುವ" ಎಂದು ಮತ್ತೆ ಒತ್ತಿದಳು. ಸ್ಪೀಕರಿನಲ್ಲಿ ನಮ್ಮ ತಾರಿಣಿ "ಅನ್ಯಾಯಕ್ಕೆ ಒಂದು ದಿನ ಅಂತ್ಯ ಇದ್ದೇ ಇದೆ!" ಎಂದಳು. ಕೋಣೆಗೆ ಕೋಣೆಯೇ ನಕ್ಕಿತು.

ಬಯಲುಸೀಮೆಯ ನನಗೆ ಇದು ಹೊಸತು. ಅವರಿಗೆ ಅಲ್ಲ. ಆ ಭಾಗದಲ್ಲಿ ತಾಳಮದ್ದಳೆ ಎಂಬ ಕಲೆಯಿದೆ. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ. ಎದುರುಬದುರು ಕೂತವರು ಪಾತ್ರಗಳಾಗಿ, ಬರೆದಿಟ್ಟುಕೊಳ್ಳದೆ, ಆ ಪದ್ಯದ ಮೇಲೆ ವಾದಿಸುತ್ತಾರೆ. ಹಾಡು ನಿಂತಲ್ಲಿ ಮಾತು ಆರಂಭವಾಗಬೇಕು ಎಂಬುದು ಅಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅವರು ನಮ್ಮ ಸ್ಪೀಕರನ್ನು ಭಾಗವತರ ಜಾಗದಲ್ಲಿ ಕೂರಿಸಿದ್ದರು, ಅಷ್ಟೆ.

ಎರಡನೇ ಸಲ ಪಾಸ್ ಒತ್ತಿದಾಗ ವಿನುತಾ ನನ್ನತ್ತ ನೋಡಿದಳು. "ನೀವು ಹೇಳಿ ನೋಡುವ. ಡಿಬೇಟಲ್ಲಿ ಕಪ್ ತಗೊಂಡವ್ರು ಅಂತ ಫೋನಲ್ಲಿ ನೀವೇ ಹೇಳಿದ್ರಲ್ಲ."

ನಾನು ಬಿಡುವವಳಲ್ಲ. "ಮೊದಲನೆಯದಾಗಿ, ಬಡತನದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಎರಡನೆಯದಾಗಿ..." ಎಂದು ಮೂರು ಅಂಶಗಳಲ್ಲಿ ಕತ್ತಲರಾಯನನ್ನು ಹೊಡೆದು ಮಲಗಿಸಿದೆ.

ಗಣೇಶ ತಲೆ ಕೆರೆದುಕೊಂಡ. "ಪಾಯಿಂಟ್ ಸರಿ ಇದೆ ಮೇಡಂ. ಆದ್ರೆ ತಾರಿಣಿ ಮೆಕ್ಯಾನಿಕ್ ಅಲ್ವಾ, ಕೈಯಲ್ಲಿ ಸ್ಪ್ಯಾನರ್ ಇದೆ. ಅವ್ಳು ಮೊದಲನೆಯದಾಗಿ ಅನ್ನಲ್ಲ."

ಇದನ್ನು ನಾನು ಈಗಲೂ ಪೂರ್ತಿ ಒಪ್ಪುವುದಿಲ್ಲ. ಮೆಕ್ಯಾನಿಕ್‌ಗಳಿಗೂ ತರ್ಕವಿರುತ್ತದೆ. ಆದರೆ ಅವತ್ತು ಮತ ಹಾಕಿಸಿದ್ದರೆ ಗಣೇಶನೇ ಗೆಲ್ಲುತ್ತಿದ್ದ.

ಒಂದು ಕೋಣೆ ನೋಡಿ ಮೂರು ತಾಲ್ಲೂಕಿನ ಬಗ್ಗೆ ತೀರ್ಪು ಕೊಟ್ಟರೆ ನನಗೂ ಅರವಿಂದರಿಗೂ ವ್ಯತ್ಯಾಸವೇನು? ಮರುದಿನದಿಂದ ಸುತ್ತಿದೆ. ಶೃಂಗೇರಿಯಲ್ಲಿ ಒಂದೇ ರೂಮಿನ ಇಬ್ಬರು ಕಾಲೇಜು ಹುಡುಗಿಯರು ಇಯರ್‌ಫೋನಿನ ಒಂದೊಂದು ತುದಿ ಹಂಚಿಕೊಂಡು ಕೇಳುತ್ತಿದ್ದರು. ಅವರೂ ನಿಲ್ಲಿಸಿ ಕಿತ್ತಾಡುತ್ತಿದ್ದರು. ನರಸಿಂಹರಾಜಪುರದ ಒಂದು ಮನೆಯಲ್ಲಿ ಅತ್ತೆ ಕತ್ತಲರಾಯನ ಪಕ್ಷ, ಸೊಸೆ ತಾರಿಣಿಯ ಪಕ್ಷ. ಅಲ್ಲಿ ಪಾಸ್ ಒತ್ತಿದ ಮೇಲೆ ಕಥೆ ಮರೆವೂರನ್ನು ದಾಟಿ ಬೇರೆ ಹಳೆಯ ಲೆಕ್ಕಗಳಿಗೂ ಹೋಗುತ್ತಿತ್ತು. ಬಾಳೆಹೊನ್ನೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯವರೊಬ್ಬರು ನೇರವಾಗಿ ಹೇಳಿದರು: "ಆ ರಾಯ ಬಾಯಿ ತೆಗದ ಅಂದ್ರೆ ನಾ ಕಾಫಿ ಕುಡಿಯೋಕೆ ಹೋಗ್ತೀನಿ. ಎಂತ ಕೊರೀತಾನ್ರೀ ಅವ!" ಅವರ ಮಾತನ್ನೂ ವರದಿಗೆ ಸೇರಿಸಿದೆ. ಬೇಸರಗೊಂಡವರೂ ಇದ್ದರು. ನಮ್ಮ ಲೆಕ್ಕ ಇವರನ್ನೂ ನಿಲ್ಲಿಸಿ ವಾದಿಸುವವರನ್ನೂ ಒಂದೇ ಬುಟ್ಟಿಗೆ ಹಾಕುತ್ತಿತ್ತು.

ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಸಿಕ್ಕ ಪುರಾವೆ ನನ್ನ ತಲೆಯನ್ನೇ ತಿರುಗಿಸಿತು. ಒಂದು ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಕಂಬಕ್ಕೆ ತೂಗುಹಾಕಿದ ಫೋನಿನಲ್ಲಿ ಮರೆವೂರು. ಆ್ಯಪ್ ಪ್ರಕಾರ ಆ ಫೋನು ಮಾದರಿ ಕೇಳುಗ: ಒಮ್ಮೆಯೂ ನಿಲ್ಲಿಸಿದ್ದಿಲ್ಲ. ನೋಡಿದರೆ ಕತ್ತಲರಾಯ ಮಾತು ಮುಗಿಸಿದೊಡನೆ ನಾಲ್ಕು ಜನ ಒಟ್ಟಿಗೆ ಅವನಿಗೆ ಉಗಿಯತೊಡಗಿದರು. ಆ ಗಲಾಟೆಯಲ್ಲಿ ತಾರಿಣಿಯ ಉತ್ತರ ಯಾರಿಗೂ ಕೇಳಿಸಲಿಲ್ಲ.

"ಅಕ್ಕಾ, ನಿಲ್ಲಿಸಿ ಮಾತಾಡಬಹುದಲ್ಲ?" ಎಂದೆ.

"ಕೈಯೆಲ್ಲ ಅಡಿಕೆ ಕರೆ ಆಗಿದೆ, ಫೋನ್ ಹೆಂಗೆ ಮುಟ್ಟೋದು?" ಎಂದು ಒಬ್ಬಾಕೆ ಅಂಗೈ ತೋರಿಸಿದರು. "ಆ ಹುಡುಗಿ ಹೇಳೋದು ಎಂತ ಇರತ್ತೆ ಬಿಡಿ. ಅನ್ಯಾಯ, ಅಂತ್ಯ. ಅವನಿಗೆ ನಾವೇ ಹೇಳ್ಬೇಕು."

ಪೂರ್ತಿ ಕೇಳಿದವರೆಂದು ನಾವು ನಂಬಿದ್ದವರು ಅರ್ಧ ಕೇಳಿರಲಿಲ್ಲ. ಬಿಟ್ಟು ಹೋದವರೆಂದು ನಂಬಿದ್ದವರು ಬಿಡಲಾಗದೆ ಕೂತಿದ್ದರು.

ವರದಿ ಓದಿ ಅರವಿಂದ್ ಕುರ್ಚಿಯಿಂದ ಎದ್ದೇಬಿಟ್ಟರು. "ಇದು ಚಿನ್ನ ಮಾರಾಯ್ತಿ! ಕತ್ತಲರಾಯ ಇರ್ಲಿ. ಅವನ ಮಾತಾದ ಮೇಲೆ ಒಂದು ಬೆಲ್ ಹೊಡೆಸೋಣ, ಒಂದು ದನಿ ಬರಲಿ, 'ಈಗ ನಿಮ್ಮ ವಾದ!' ಅಂತ. ಅರ್ಧ ನಿಮಿಷ ಸಮಯ. ಚೆನ್ನಾಗಿ ಹೇಳಿದವರಿಗೆ ಪಾಯಿಂಟ್ಸು."

ನಾನು ವಿರೋಧಿಸಿದೆ. ಜನ ತಾವಾಗಿ ಮಾಡುತ್ತಿರುವುದನ್ನು ನಾವು ಹೇಳಿ ಮಾಡಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎನ್ನಲು ಆಧಾರವಿಲ್ಲ ಎಂದೆ. ಉಳಿಯುವುದಿಲ್ಲ ಎನ್ನಲು ನಿನ್ನಲ್ಲಿ ಆಧಾರವಿದೆಯೇ ಎಂದು ಅವರು ಕೇಳಿದರು. ಇರಲಿಲ್ಲ. ಪ್ರಯೋಗ ನಡೆಯಿತು. ಮೂರು ಕಂತುಗಳಲ್ಲಿ ಗೆಲ್ಲದಿದ್ದರೆ ಸ್ಫೋಟ ಖಂಡಿತ ಎಂಬುದೂ ತೀರ್ಮಾನವಾಯಿತು.

ಮೊದಲ ಕಂತು ಬಂದ ಭಾನುವಾರ ವಿನುತಾಳ ಫೋನ್ ಬಂತು.

"ಎಂತ ಮಾಡಿದ್ರಿ ಇದು?"

"ಯಾಕೆ, ವಾದ ಮಾಡ್ಲಿಲ್ವಾ?"

"ಅರ್ಧ ನಿಮಿಷದಲ್ಲಿ ಎಂತ ವಾದ, ಅಂಗಡೀಲಿ ಚಿಲ್ರೆ ಎಣಿಸಿ ಕೊಡಕ್ಕೂ ಸಾಕಾಗಲ್ಲ. ಆ ಟಿಣ್ ಅಂತ ಬೆಲ್ ಹೊಡೆದದ್ದೇ ಎಲ್ರೂ ಬಾಯಿ ಮುಚ್ಕೊಂಡು ಕೂತ್ರು. ಗಣೇಶ ಅಂತೂ, ಮಾತಾಡು ಅಂದ ಕೂಡ್ಲೆ ಮಾತಾಡಕ್ಕೆ ನಾ ಏನು ಇಂಟರ್ವ್ಯೂಗೆ ಬಂದಿದೀನಾ ಅಂದ."

ಎರಡನೇ ಕಂತಿಗೆ ಮೂರೂ ತಾಲ್ಲೂಕುಗಳಲ್ಲಿ ಪಾಸ್ ಒತ್ತುವುದೇ ಕಡಿಮೆಯಾಯಿತು. ಕೇಳುಗರೂ ಇಳಿದರು. ಪೂರ್ಣಿಮಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಸ್ಫೋಟ ಬರೀಲಾ? ಹೇಗಿದ್ರೂ ಬರೀಬೇಕು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಸರಿಕಾಣಲಿಲ್ಲ.

"ಬರೆಯೋ ಮೊದಲು ಒಂದ್ಸಲ ಕೊಪ್ಪಕ್ಕೆ ಬಾ" ಎಂದೆ.

ಮೂರನೇ ಭಾನುವಾರ ಇಬ್ಬರೂ ಅದೇ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲಿದ್ದೆವು. ಇವಳೇ ಬರೆಯುವವಳು ಎಂದು ಪರಿಚಯಿಸಿದೆ. ಎಲ್ಲರೂ ಅವಳತ್ತ ತಿರುಗಿದರು. ಆಮೇಲೆ ಗಣೇಶ ಕೇಳಿದ: "ಅಕ್ಕಾ, ತಪ್ಪು ತಿಳ್ಕಬೇಡಿ. ರಾಯನಿಗೆ ಅಷ್ಟು ಒಳ್ಳೇ ಮಾತು ಬರೀತೀರಿ, ಆ ಹುಡುಗಿ ಮೇಲೆ ಎಂತ ಸಿಟ್ಟು ನಿಮಗೆ?"

ಪೂರ್ಣಿಮಾ ನಕ್ಕಳು. "ಸಿಟ್ಟಲ್ಲ. ಅವನಿಗೆ ಏನು ಉತ್ತರ ಹೇಳ್ಬೇಕು ಅಂತ ನಂಗೇ ಗೊತ್ತಿಲ್ಲ."

ಬರೆಯುವವರ ಬಾಯಿಂದ ಹೀಗೊಂದು ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ವಿನುತಾ ಫೋನನ್ನು ಹತ್ತಿರ ಎಳೆದುಕೊಂಡವಳು, ಏನೋ ಯೋಚಿಸಿ ದೂರ ತಳ್ಳಿದಳು. "ಸ್ಪೀಕರ್ ಬೇಡ ಇವತ್ತು. ರಾಯನ ಮಾತು ನೀವೇ ಹೇಳಿ. ತಾರಿಣಿ ನಾನು."

ಪೂರ್ಣಿಮಾ ಬೆನ್ನು ನೆಟ್ಟಗೆ ಮಾಡಿ ಕೂತಳು. "ನಾನು ಕಳ್ಳನೇ ತಾರಿಣಿ? ನಿನ್ನಮ್ಮ ತೀರಿಹೋದ ದಿನದ ನೆನಪು ನಿನ್ನನ್ನು ತಿನ್ನುತ್ತಿತ್ತು. ನೀನೇ ನನ್ನ ಬಾಗಿಲಿಗೆ ಬಂದೆ. ಸಹಿ ನಿನ್ನದು. ನೆನಪು ನಿನ್ನದು. ನಿನ್ನದನ್ನು ನೀನು ಮಾರಿದೆ, ನಾನು ಕೊಂಡೆ."

"ನಂದೇ. ಸುಳ್ಳು ಹೇಳಲ್ಲ" ಎಂದಳು ವಿನುತಾ. "ಮಾರಿದ ಮೇಲೆ ಹಗುರಾಯ್ತು, ಅದೂ ನಿಜ."

"ಮತ್ತೆ ದೂರು ಏನು?"

"ದೂರು ನಂದಲ್ಲ ರಾಯ, ನನ್ನ ತಂಗೀದು. ಅವತ್ತು ಅಮ್ಮನ ಕಾಲ ಹತ್ರ ಕೂತು ಅತ್ತವ್ರು ನಾವಿಬ್ರು. ಅವ್ಳು ಈಗ್ಲೂ ಬಂದು, ಅಕ್ಕಾ ಆ ದಿನ ಅಮ್ಮ ಎಂತ ಹೇಳಿದ್ಲು ನೆನಪಿದ್ಯಾ ಅಂತ ಕೇಳ್ತಾಳೆ. ನಾನು ಪಿಳಿಪಿಳಿ ನೋಡ್ತೀನಿ."

"ಅವಳ ನೆನಪನ್ನು ನಾನು ಮುಟ್ಟಿಲ್ಲ. ಅವಳ ಹತ್ತಿರವೇ ಇದೆ."

"ಇದೆ. ಒಬ್ಬಳ ಹತ್ರ ಇದೆ. ಇನ್ನು ಯಾರ ಜೊತೆ ಕೂತು ಅದನ್ನ ನೆನೆಸ್ಕಬೇಕು ಅವ್ಳು? ನನ್ನ ಸಹಿ ತಗೊಂಡೆ. ಅವಳನ್ನ ಕೇಳಿದ್ಯಾ?"

ಪೂರ್ಣಿಮಾ ಬಾಯಿ ತೆರೆದಳು. ಕತ್ತಲರಾಯ ಎಲ್ಲಕ್ಕೂ ಉತ್ತರ ಇಟ್ಟುಕೊಂಡವನು, ಅವನನ್ನು ಹಾಗೆ ಮಾಡಿದವಳೇ ಇವಳು. ಕೋಣೆಯಲ್ಲಿ ಎಲ್ಲರೂ ಕಾದರು. ನಾನು ಅಭ್ಯಾಸಬಲದಿಂದ ಅವನ ಪರವಾಗಿ ಪ್ರತಿವಾದ ಹುಡುಕಿದೆ. ಎರಡು ಹೊಳೆದವು. ಎರಡೂ ಹುಳುಕು.

"ಇಲ್ಲ" ಎಂದಳು ಪೂರ್ಣಿಮಾ ಕೊನೆಗೆ. "ಕೇಳಲಿಲ್ಲ."

ಗಣೇಶ ತನ್ನ ಕೈಯಲ್ಲಿದ್ದ ಕತ್ತಲರಾಯನ ಕಿರೀಟವನ್ನು ಮೆಲ್ಲಗೆ ಪೆಟ್ಟಿಗೆಗಳ ಮೇಲಿಟ್ಟ. "ಹೋಯ್ತು. ರಾಯ ಹೋದ" ಎಂದ.

"ಹೋಗಿಲ್ಲ" ಎಂದಳು ಪೂರ್ಣಿಮಾ. ಅವಳ ಮುಖದಲ್ಲಿ ಅಷ್ಟು ದಿನಗಳಲ್ಲಿ ನಾನು ಕಾಣದ ಹುರುಪಿತ್ತು. "ಸೋತ. ಸೋತವನು ಮಾರನೇ ದಿನ ಎದ್ದು ಏನು ಮಾಡ್ತಾನೆ ಅಂತ ನಂಗೆ ಬರೀಬೇಕು. ವಿನುತಾ, ಈ ಮಾತು ನನಗೆ ಕೊಡ್ತೀಯಾ?"

"ತಗೊಳಿ. ನನ್ನ ತಂಗೀನೂ ಕೇಳ್ಬೇಕಾಗತ್ತೆ ಮತ್ತೆ!" ಎಂದಳು ವಿನುತಾ. ಅವಳಿಗೆ ನಿಜಕ್ಕೂ ಒಬ್ಬ ತಂಗಿಯಿದ್ದಾಳೆ. ಅವಳನ್ನು ಕೇಳಿಯೇ ಕೊಟ್ಟಳು.

ಅರವಿಂದರ ಜೊತೆಗಿನ ಕೊನೆಯ ಮೀಟಿಂಗು ಉದ್ದವಾಗಲಿಲ್ಲ. ಅವರು ಬುದ್ಧಿವಂತರು, ಸೋತ ಪ್ರಯೋಗವನ್ನು ಹಿಡಿದುಕೊಂಡು ಕೂರುವವರಲ್ಲ. ಬೆಲ್ಲನ್ನು ತೆಗೆಸಿದರು. ಪೂರ್ಣಿಮಾ ಹೊಸ ದೃಶ್ಯವನ್ನು ಓದಿದಳು. ಅರವಿಂದ್ "ಸ್ಫೋಟದ ಖರ್ಚು ಉಳೀತು" ಎಂದರು. ಅದು ಅವರ ಒಪ್ಪಿಗೆ. ಆಮೇಲೆ ನನ್ನತ್ತ ತಿರುಗಿದರು.

"ಸರಿ, ಇದರಿಂದ ಬೇರೆ ಧಾರಾವಾಹಿಗಳಿಗೆ ಫಾರ್ಮುಲಾ ಏನು?"

"ಇಲ್ಲ ಸರ್."

"ಸ್ಲೈಡಲ್ಲಿ ಏನಂತ ಬರೀಲಿ?"

"ಕೊಪ್ಪದವರಿಗೆ ತಾಳಮದ್ದಳೆ ಗೊತ್ತು, ಪೂರ್ಣಿಮಾಗೆ ಒಂದು ಉತ್ತರ ಗೊತ್ತಿರಲಿಲ್ಲ. ಎರಡೂ ಒಂದೇ ಕಥೇಲಿ ಸಿಕ್ಕಿದ್ದು ಅದೃಷ್ಟ. ಅದೃಷ್ಟ ಅಂತಲೇ ಬರೀರಿ."

ಅವರು ಬೇರೆ ಏನನ್ನೋ ಬರೆದುಕೊಂಡರು. ಪೂರ್ಣಿಮಾಳಿಗೆ ಮುಂದಿನ ಸೀಸನ್ನಿನ ಕಾಂಟ್ರಾಕ್ಟ್ ಸಿಕ್ಕಿತು. ಆ ಕಂತಿನ ಕೊನೆಗೆ ಸಂಭಾಷಣೆ ನೆರವು ಎಂದು ವಿನುತಾಳ ಹೆಸರು ಬಂತು.

ಕಂತು ಬಿಡುಗಡೆಯಾದ ದಿನ ಲೆಕ್ಕ ತೆಗೆದು ನೋಡಿದೆ. ಮೂರೂ ತಾಲ್ಲೂಕುಗಳಲ್ಲಿ ಡ್ರಾಪ್-ಆಫ್ ಗೆರೆ ಎಲ್ಲೂ ಏರದೆ ನೆಟ್ಟಗಿತ್ತು, ತಾರಿಣಿಯ ಪ್ರಶ್ನೆಯ ಹತ್ತಿರವೂ ಯಾರೂ ನಿಲ್ಲಿಸಿರಲಿಲ್ಲ. ಆಫೀಸಿನಲ್ಲಿ ಚಪ್ಪಾಳೆ ಬಿತ್ತು. ನನಗೆ ಹೆದರಿಕೆಯಾಯಿತು. ಅಂಥದೇ ನೆಟ್ಟಗಿನ ಗೆರೆಯನ್ನು ಬೆಲ್ ಹೊಡೆದ ವಾರಗಳಲ್ಲೂ ನೋಡಿದ್ದೆ. ವಿನುತಾಳಿಗೆ ಫೋನ್ ಮಾಡಿದೆ.

"ಯಾಕೆ ನಿಲ್ಲಿಸ್ಲಿಲ್ಲ? ಚೆನ್ನಾಗಿರ್ಲಿಲ್ವಾ?"

"ಹೆಂಗೆ ನಿಲ್ಲಿಸೋದು ಮಾರಾಯ್ತಿ?" ಎಂದಳು. "ಸೋತ ಮೇಲೆ ಅವ ಎಂತ ಹೇಳ್ತಾನೆ ಅಂತ ಈ ಸಲ ನಮಗೂ ಗೊತ್ತಿರ್ಲಿಲ್ಲ."

ಈ ಕೆಲಸ ನನಗೆ ಕಲಿಸಿದ್ದು ಒಂದು ಸಣ್ಣ ಸಂಗತಿ. ಅಂಕಿಗಳು ಸುಳ್ಳು ಹೇಳುವುದಿಲ್ಲ, ಆದರೆ ಅರ್ಧ ವಾಕ್ಯ ಹೇಳಿ ಸುಮ್ಮನಾಗುತ್ತವೆ. ಒಂದೇ ಬಗೆಯ ಮೌನದಲ್ಲಿ ಒಬ್ಬ ಕಾಫಿಗೆ ಎದ್ದು ಹೋಗಿರುತ್ತಾನೆ, ಇನ್ನೊಬ್ಬಳು ಉತ್ತರ ಹುಡುಕುತ್ತಿರುತ್ತಾಳೆ, ಮತ್ತೊಬ್ಬಳು ಉಸಿರು ಬಿಗಿಹಿಡಿದಿರುತ್ತಾಳೆ. ಯಾರು ಯಾರೆಂದು ತಿಳಿಯಲು ಇವತ್ತಿನವರೆಗೆ ನನಗೆ ಸಿಕ್ಕಿರುವ ಉಪಾಯ ಒಂದೇ: ಬಸ್ಸು ಹತ್ತಿ ಹೋಗಿ, ಚಾಪೆಯ ತುದಿಯಲ್ಲಿ ಜಾಗ ಮಾಡಿಕೊಂಡು ಕೂರುವುದು.